ಮೀನು ಓದಿ ಹೊಳೆ ಕಾಯುವ ಕೆಲಸ: ಕೊಡಗಿನಿಂದ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಜನವರಿ ತಿಂಗಳು, ಕಾಫಿ ಕುಯ್ಲು ಜೋರು. ತೋಡಿಗೆ ಇಳಿದು ಗಾಜಿನ ಬಾಟಲಿಗೆ ಗುಳ್ಳೆ ಸೇರದಂತೆ ನೀರು ತುಂಬಿ. ಪಿಪೆಟ್‌ನಲ್ಲಿ ಸ್ವಲ್ಪ ಮ್ಯಾಂಗನೀಸ್ ಸಲ್ಫೇಟ್, ಸ್ವಲ್ಪ ಕ್ಷಾರೀಯ ಅಯೋಡೈಡ್ ಬಿಟ್ಟು ಬಿರಡೆ ಹಾಕಿ ನಾಲ್ಕು ಸಲ ತಲೆಕೆಳಗು ಮಾಡಿ. ನೀರಿನಲ್ಲಿ ಆಮ್ಲಜನಕ ಇದ್ದರೆ ಕಂದು ಬಣ್ಣದ ಗಸಿ ಕೂರುತ್ತದೆ, ಇಲ್ಲದಿದ್ದರೆ ಗಸಿ ಬೆಳ್ಳಗೇ ಉಳಿಯುತ್ತದೆ. ನಾನು ಮೊದಲ ಸಲ ಇದನ್ನು ಮಾಡಿದ್ದು ನಮ್ಮೂರಿನ ತೋಡಿನಲ್ಲೇ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ನೀರು ಸೇರುವ ಜಾಗಕ್ಕಿಂತ ಮೇಲೆ ತುಂಬಿದ ಬಾಟಲಿ ಕಾಫಿ ಕಷಾಯದ ಬಣ್ಣಕ್ಕೆ ತಿರುಗಿತು. ಇನ್ನೂರು ಹೆಜ್ಜೆ ಕೆಳಗೆ ತುಂಬಿದ್ದು ಮಜ್ಜಿಗೆ ಥರ ಬೆಳ್ಳಗಿತ್ತು. ಅಲ್ಲಿ ಕಲ್ಲಿನಡಿ ಒಂದು ಮೀನೂ ಇರಲಿಲ್ಲ.

ಮೀನುಗಾರಿಕೆ ಓದುತ್ತೇನೆ ಎಂದರೆ ನಮ್ಮ ಕಡೆ ಜನ ಕೇಳುವುದು ಎರಡೇ ಪ್ರಶ್ನೆ: ಸಮುದ್ರವೇ ಇಲ್ಲದ ಜಿಲ್ಲೆಯವರಿಗೆ ಅದೇಕೆ? ಮೀನು ಹಿಡಿಯಲು ಕಾಲೇಜಿಗೆ ಹೋಗಬೇಕೆ? ಕಾವೇರಿ ಹುಟ್ಟುವ, ಲಕ್ಷ್ಮಣತೀರ್ಥ ಇಳಿಯುವ, ಹಾರಂಗಿಯ ಹಿನ್ನೀರು ತುಂಬಿ ನಿಲ್ಲುವ ಊರಿನಲ್ಲಿ ಕೂತು ಕೇಳುವ ಪ್ರಶ್ನೆ ಇದಲ್ಲ. ಆದರೂ ಮದುವೆ ಮನೆಗಳಲ್ಲಿ ಇದಕ್ಕೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿ, ಈಗ ಬರೆದೇ ಇಡುತ್ತಿದ್ದೇನೆ.

ಹೆಜ್ಜೆ 1: ಬೆಳೆಸುವುದೋ, ಉಳಿಸುವುದೋ ತೀರ್ಮಾನಿಸಿ

ಮೀನುಗಾರಿಕಾ ವಿಜ್ಞಾನ ಎಂಬ ಒಂದೇ ಸೂರಿನಡಿ ಎರಡು ಬೇರೆ ಬೇರೆ ಸಂಸಾರಗಳಿವೆ. ಒಂದು ಸಾಕಣೆ: ಕೊಳ, ಆಹಾರ, ರೋಗ, ಮರಿ, ಮಾರುಕಟ್ಟೆ. ಇನ್ನೊಂದು ನಿರ್ವಹಣೆ ಮತ್ತು ಸಂರಕ್ಷಣೆ: ಹೊಳೆಯಲ್ಲಿ, ಜಲಾಶಯದಲ್ಲಿ, ಕಡಲಲ್ಲಿ ಇರುವ ಮೀನು ಎಷ್ಟು, ಎಷ್ಟು ಹಿಡಿದರೆ ನಾಳೆಗೂ ಉಳಿಯುತ್ತದೆ, ಯಾವುದು ಯಾಕೆ ಕಡಿಮೆಯಾಗುತ್ತಿದೆ. ಕಾಲೇಜು, ವಿಷಯ, ಸಂಶೋಧನೆಗೆ ದಾರಿ ತೋರುವ ಗೈಡು, ಕೊನೆಗೆ ಸಂಬಳ, ಎಲ್ಲವೂ ಈ ಆಯ್ಕೆಯ ಮೇಲೆ ನಿಂತಿವೆ. ಹೆಚ್ಚಿನವರು ಇದನ್ನು ಎಂ.ಎಫ್.ಎಸ್ಸಿ. (ಮೀನುಗಾರಿಕಾ ವಿಜ್ಞಾನದ ಸ್ನಾತಕೋತ್ತರ ಪದವಿ) ಎರಡನೇ ವರ್ಷದಲ್ಲಿ ಯೋಚಿಸುತ್ತಾರೆ. ನಾನೂ ಹಾಗೇ ಮಾಡಿದವನು. ಬೇಗ ಮುಗಿಯುತ್ತದೆ ಎಂದು ಮೀನಿನ ಆಹಾರದ ಮೇಲೆ ಪ್ರಬಂಧ ಬರೆದೆ. ಆಮೇಲೆ ನದಿ ಯೋಜನೆಯೊಂದರ ಸಂದರ್ಶನದಲ್ಲಿ "ಹರಿಯುವ ನೀರಿನಲ್ಲಿ ಎಷ್ಟು ದಿನ ಕೆಲಸ ಮಾಡಿದ್ದೀರಿ?" ಎಂದು ಕೇಳಿದಾಗ ಬಾಯಿ ಕಟ್ಟಿತು.

ಈ ಎರಡರ ಅಂತರ ಅರ್ಥವಾಗಬೇಕಾದರೆ ಮಾಹಶೀರ್‌ನ ಕಥೆ ತಿಳಿದಿರಬೇಕು. ಕಾವೇರಿಯ ಡುಬ್ಬದ ಮಾಹಶೀರ್, ಕಿತ್ತಳೆ ರೆಕ್ಕೆಯದು, ಜಗತ್ತಿನ ಗಾಳದವರನ್ನೆಲ್ಲ ಈ ಕಡೆಗೆ ಎಳೆದು ತಂದ ಮೀನು. 1946ರಲ್ಲಿ ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗುವ ಮಾಹಶೀರ್ ಒಂದನ್ನು ಹಿಡಿದದ್ದು ದಾಖಲಾಗಿದೆ. ನಂತರ ಅಣೆಕಟ್ಟು, ಮೀನು ಹಿಡಿಯಲು ಸಿಡಿಸುವ ತೋಟೆ, ನೀರಿಗೆ ಹಾಕುವ ವಿಷ ಎಲ್ಲ ಸೇರಿ ಮಾಹಶೀರ್ ಕಡಿಮೆಯಾಯಿತು. ಒಳ್ಳೆಯ ಮನಸ್ಸಿನಿಂದಲೇ ಮಹಾರಾಷ್ಟ್ರದ ಲೋನಾವಳದ ಹ್ಯಾಚರಿಯಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಾಹಶೀರ್ ಮರಿಗಳನ್ನು 1970ರ ದಶಕದಿಂದ ಕಾವೇರಿಗೆ ಬಿಟ್ಟರು. ಅದು ಬೇರೆ ಜಾತಿ. ಬಂದದ್ದು ಹೆಚ್ಚಿತು, ಮನೆಯದು ಮರೆಯಾಯಿತು. ಗಾಳದವರು ಖುಷಿಯಾಗಿಯೇ ಇದ್ದರು, "ಮಾಹಶೀರ್ ವಾಪಸ್ ಬಂತು" ಎಂಬ ಮಾತೂ ಹಬ್ಬಿತು. ಡುಬ್ಬದ ಮಾಹಶೀರ್‌ನ ವೈಜ್ಞಾನಿಕ ಹೆಸರು ಟಾರ್ ರೇಮದೇವಿ ಎಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಅದನ್ನು ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಲೋಕಪ್ರಸಿದ್ಧ ಮೀನಿಗೆ ಸರಿಯಾದ ಹೆಸರು ಸಿಗುವಷ್ಟರಲ್ಲಿ ಅದು ಹೋಗುವ ಹಂತ ತಲುಪಿತ್ತು.

ಮರಿ ಮಾಡುವುದು ಸಾಕಣೆಯ ವಿದ್ಯೆ. ಯಾವ ಮರಿಯನ್ನು ಯಾವ ಹೊಳೆಗೆ ಬಿಡಬಾರದು ಎಂದು ಹೇಳುವುದು ನಿರ್ವಹಣೆಯ ವಿದ್ಯೆ. ಈ ಮಾರ್ಗದರ್ಶಿ ಎರಡನೆಯದು ಬೇಕೆನ್ನುವವರಿಗೆ.

ಹೆಜ್ಜೆ 2: ಅರ್ಜಿ ಹಾಕುವ ಮೊದಲು ಒಂದು ಮಳೆಗಾಲದ ಲೆಕ್ಕ ಬರೆಯಿರಿ

ಇದಕ್ಕೆ ಪದವಿ ಬೇಡ, ಅನುದಾನವೂ ಬೇಡ. ಮನೆ ಹತ್ತಿರದ ತೋಡಿನಲ್ಲೋ ಗದ್ದೆಯ ಕಾಲುವೆಯಲ್ಲೋ ಮೂರು ಜಾಗ ಗೊತ್ತು ಮಾಡಿಕೊಳ್ಳಿ. ವಾರಕ್ಕೊಮ್ಮೆ ಒಂದೇ ಹೊತ್ತಿಗೆ ಹೋಗಿ. ನೀರಿನ ಶಾಖ, ಆಳ, ಬಣ್ಣ, ಕಂಡ ಮೀನು, ಅದರ ಉದ್ದ ಬರೆದುಕೊಳ್ಳಿ. ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಮೀನು ಹತ್ತುತ್ತವಲ್ಲ, ಆ ದಿನಾಂಕ ತಪ್ಪಿಸಬೇಡಿ. ಹತ್ತುವ ಮೀನು ಮೊಟ್ಟೆಯಿಡಲು ಹೊರಟಿರುತ್ತದೆ. ಯಾವ ಮಳೆಗೆ, ಯಾವ ಜಾತಿ ಮೊದಲು ಹತ್ತಿತು ಎಂಬುದು ಯಾವ ಪುಸ್ತಕದಲ್ಲೂ ನಿಮ್ಮ ಊರಿನ ಮಟ್ಟಿಗೆ ಸಿಗುವುದಿಲ್ಲ.

ಯಾರಾದರೂ ಬೀಸುಬಲೆ ಹಾಕುತ್ತಿದ್ದರೆ ಪಕ್ಕದಲ್ಲಿ ಕೂತು ಲೆಕ್ಕ ಹಿಡಿಯಿರಿ: ಎಷ್ಟು ಸಲ ಬೀಸಿದರು, ಬಲೆಯ ಕಣ್ಣು ಎಷ್ಟು ದೊಡ್ಡದು, ಒಟ್ಟು ಎಷ್ಟು ಮೀನು. ಹತ್ತು ಬೀಸಿಗೆ ಮೂವತ್ತು ಮೀನು ಸಿಗುತ್ತಿದ್ದ ಕಡೆ ಈಗ ಹತ್ತು ಬೀಸಿಗೆ ಹನ್ನೆರಡು ಸಿಕ್ಕರೆ ಅದೊಂದು ಸುಳಿವು. ಓದುವಾಗ ಇದನ್ನೇ "ಪ್ರಯತ್ನವೊಂದಕ್ಕೆ ಸಿಕ್ಕ ಹಿಡುವಳಿ" ಎಂದು ಕಲಿಸುತ್ತಾರೆ. ಬಲೆ ಬದಲಾದರೆ, ಹೊತ್ತು ಬದಲಾದರೆ ಹೋಲಿಕೆ ಕೆಡುತ್ತದೆ ಎಂಬುದು ಪಾಠಕ್ಕಿಂತ ಮೊದಲೇ ನಿಮಗೆ ಅರ್ಥವಾಗಿರುತ್ತದೆ. ಊರಿನ ಹಿರಿಯರು ಹೇಳುವ ಮೀನಿನ ಹೆಸರುಗಳನ್ನು ಅವರ ಬಾಯಲ್ಲಿ ಬಂದ ಹಾಗೆಯೇ ಬರೆಯಿರಿ, ಕೊಡವ ತಕ್ಕಿನಲ್ಲಾಗಲಿ ಅರೆಭಾಷೆಯಲ್ಲಾಗಲಿ. ವೈಜ್ಞಾನಿಕ ಹೆಸರನ್ನು ಆಮೇಲೆ ಫಿಶ್‌ಬೇಸ್ ಜಾಲತಾಣದ ಚಿತ್ರಗಳ ಜೊತೆ ಹೊಂದಿಸಿಕೊಳ್ಳಬಹುದು.

ಈ ಲೆಕ್ಕ ಬರೆದಿಟ್ಟ ಪುಸ್ತಕ ಮುಂದೆ ಗೈಡ್ ಹುಡುಕುವಾಗ ಅಂಕಪಟ್ಟಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಹೇಗೆಂದು ಕೆಳಗೆ ಹೇಳುತ್ತೇನೆ.

ಹೆಜ್ಜೆ 3: ಪದವಿ

ನೇರ ದಾರಿ ಬಿ.ಎಫ್.ಎಸ್ಸಿ., ಅಂದರೆ ಮೀನುಗಾರಿಕಾ ವಿಜ್ಞಾನದ ಪದವಿ, ನಾಲ್ಕು ವರ್ಷ. ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯ 1969ರಲ್ಲಿ ಶುರುವಾದದ್ದು, ದೇಶದ ಮೊದಲ ಮೀನುಗಾರಿಕಾ ಕಾಲೇಜು. ಈಗ ಅದು ಬೀದರ್‌ನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೆ ಇದೆ. ಪಿಯುಸಿಯಲ್ಲಿ ವಿಜ್ಞಾನ ಓದಿ, ಅದರಲ್ಲಿ ಜೀವಶಾಸ್ತ್ರ ಇದ್ದು, ಸಿಇಟಿ ಬರೆಯಬೇಕು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ (ಐಸಿಎಆರ್) ಪಾಲಿನ ಸೀಟುಗಳಿಗೆ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಸಿಯುಇಟಿ ಬೇರೆ. ಎರಡನ್ನೂ ಬರೆಯಿರಿ.

ಕೃಷಿಕರ ಮಕ್ಕಳಿಗೆ ಮೀಸಲಿಟ್ಟ ಸೀಟುಗಳಿವೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಇಲ್ಲಿ ಕೊಡಗಿನವರಿಗೆ ಒಂದು ವಿಶೇಷ ತಲೆನೋವು. ಜಮ್ಮಾ ಜಾಗದ, ಅಂದರೆ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನಿನ, ಪಹಣಿಯಲ್ಲಿ ಮನೆತನದ ಹಿರಿಯರಾದ ಪಟ್ಟೇದಾರರ ಹೆಸರಿರುತ್ತದೆ, ನಿಮ್ಮ ಅಪ್ಪನ ಹೆಸರು ಇಲ್ಲದೇ ಇರಬಹುದು. ಕಾಗದದ ಪ್ರಕಾರ ನೀವು ಕೃಷಿಕರ ಮಗ ಅಲ್ಲವೇ ಅಲ್ಲ! ವಂಶವೃಕ್ಷ, ಕೃಷಿಕರ ಪ್ರಮಾಣಪತ್ರ ಇವಕ್ಕೆ ಪಿಯುಸಿ ಎರಡನೇ ವರ್ಷದ ಡಿಸೆಂಬರ್ ಒಳಗೇ ತಾಲ್ಲೂಕು ಕಚೇರಿಗೆ ಅರ್ಜಿ ಹಾಕಿ. ಸಿಇಟಿ ಮುಗಿದ ಮೇಲೆ ಓಡಾಡಿದವರು ಸೀಟು ಕಳೆದುಕೊಂಡದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಸೀಟು ಸಿಗದಿದ್ದರೆ ದಾರಿ ಮುಚ್ಚಿತು ಎಂದಲ್ಲ, ಆದರೆ ತಿರುವು ಜಾಸ್ತಿ. ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವರು ಎಂ.ಎಸ್ಸಿ. ಪ್ರಾಣಿಶಾಸ್ತ್ರ, ಕಾರವಾರದಲ್ಲಿರುವ ಸ್ನಾತಕೋತ್ತರ ಸಾಗರ ಜೀವಶಾಸ್ತ್ರ ವಿಭಾಗ, ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯದ ಕೈಗಾರಿಕಾ ಮೀನುಗಾರಿಕೆ ಎಂ.ಎಸ್ಸಿ. ಇಂಥವನ್ನು ನೋಡಬಹುದು. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಲ್ಲಿ ಓದಿದವರಿಗೆ ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆಯ ಕೋರ್ಸುಗಳ ಕಡೆ ಹೋಗುವ ಹಾದಿ ಇದೆ. ಒಂದು ಎಚ್ಚರಿಕೆ ಮಾತ್ರ: ಎಂ.ಎಫ್.ಎಸ್ಸಿ.ಗೆ ಸಾಮಾನ್ಯವಾಗಿ ಬಿ.ಎಫ್.ಎಸ್ಸಿ.ಯೇ ಬೇಕು, ಮೀನುಗಾರಿಕೆ ಇಲಾಖೆಯ ಅಧಿಕಾರಿ ಹುದ್ದೆಗಳೂ ಅದನ್ನೇ ಕೇಳುತ್ತವೆ. ಪ್ರಾಣಿಶಾಸ್ತ್ರದ ದಾರಿ ಹಿಡಿದವರು ಸಂಶೋಧನೆ, ಬೋಧನೆ, ಸ್ವಯಂಸೇವಾ ಸಂಸ್ಥೆಗಳ ಕಡೆ ಮುಖ ಮಾಡಿಕೊಂಡೇ ಹೊರಡಬೇಕು.

ಹೆಜ್ಜೆ 4: ಎಂ.ಎಫ್.ಎಸ್ಸಿ., ಎಲ್ಲಿ, ಯಾವ ವಿಷಯ, ಯಾರ ಕೆಳಗೆ

ಐಸಿಎಆರ್ ಪಾಲಿನ ಸೀಟುಗಳಿಗೆ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ (ಎನ್‌ಟಿಎ) ನಡೆಸುವ ಎಐಇಇಎ ಪಿಜಿ ಪ್ರವೇಶ ಪರೀಕ್ಷೆ: 120 ಪ್ರಶ್ನೆ, ತಲಾ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ಒಳ್ಳೆಯ ರ‍್ಯಾಂಕ್ ಬಂದು ಐಸಿಎಆರ್ ಪಿಜಿ ವಿದ್ಯಾರ್ಥಿವೇತನ ಸಿಕ್ಕರೆ ತಿಂಗಳಿಗೆ 12,640 ರೂಪಾಯಿ. ಮಂಗಳೂರು ಕಾಲೇಜಿನಲ್ಲಿ ರಾಜ್ಯದ ಪಾಲಿನ ಸೀಟುಗಳನ್ನು ವಿಶ್ವವಿದ್ಯಾಲಯವೇ ತುಂಬುತ್ತದೆ.

ಸಂಸ್ಥೆಗಳ ಪೈಕಿ ಮುಂಬೈ ವರ್ಸೋವಾದ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆ (ಸಿಐಎಫ್‌ಇ) ದೊಡ್ಡ ಹೆಸರು. 1961ರಲ್ಲಿ ಆರಂಭವಾಗಿ 1989ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಕೊಚ್ಚಿಯಲ್ಲಿರುವ ಕೇರಳದ ಮೀನುಗಾರಿಕಾ ವಿಶ್ವವಿದ್ಯಾಲಯ ಕುಫೋಸ್, ನಾಗಪಟ್ಟಣದ ತಮಿಳುನಾಡು ಡಾ. ಜೆ. ಜಯಲಲಿತಾ ಮೀನುಗಾರಿಕಾ ವಿಶ್ವವಿದ್ಯಾಲಯ ನಮಗೆ ಹತ್ತಿರದವು. ಹೆಸರಿಗಿಂತ ವಿಷಯ ಮುಖ್ಯ. ಅರ್ಜಿಯಲ್ಲಿ ನೀವು ಹುಡುಕಬೇಕಾದದ್ದು ಮೀನುಗಾರಿಕಾ ಸಂಪನ್ಮೂಲ ನಿರ್ವಹಣೆ ಅಥವಾ ಜಲಪರಿಸರ ನಿರ್ವಹಣೆ. ಮೊದಲನೆಯದರಲ್ಲಿ ಮೀನಿನ ಸಂಖ್ಯೆ, ವಯಸ್ಸು, ಬೆಳವಣಿಗೆ, ಹಿಡುವಳಿಯ ಲೆಕ್ಕಾಚಾರ. ಎರಡನೆಯದರಲ್ಲಿ ನೀರು, ಮಾಲಿನ್ಯ, ಆವಾಸ. ಗಣಿತ ಕಂಡರೆ ಓಡುವವರು ಎರಡನೆಯದಕ್ಕೆ ಹೋಗುತ್ತಾರೆ, ಅಲ್ಲೂ ಅಂಕಿಅಂಶ ಬಿಡುವುದಿಲ್ಲ. ಆರ್ ಎಂಬ ಉಚಿತ ತಂತ್ರಾಂಶ ಈಗಲೇ ಕಲಿತುಬಿಡಿ, ನಕ್ಷೆಗೆ ಕ್ಯೂಜಿಐಎಸ್.

ಗೈಡ್ ಆಯ್ಕೆಯಲ್ಲಿ ನನ್ನ ಖಡಕ್ ಅಭಿಪ್ರಾಯ: ಹೊಳೆಗೆ ಇಳಿಯುವವರನ್ನು ಹುಡುಕಿ. ಅವರು ಇತ್ತೀಚೆಗೆ ಬರೆದ ಎರಡು ಲೇಖನ ಓದಿ, ನಿಮ್ಮ ಪುಸ್ತಕದ ಒಂದು ಪುಟದ ಫೋಟೋ ಜೊತೆಗಿಟ್ಟು ಹತ್ತು ಸಾಲಿನ ಮೇಲ್ ಬರೆಯಿರಿ. "ಸರ್, ನನಗೆ ಸಂಶೋಧನೆಯಲ್ಲಿ ಅಪಾರ ಆಸಕ್ತಿ" ಎಂದು ಬರೆದವರು ನೂರು ಜನ ಇರುತ್ತಾರೆ. "ನಮ್ಮ ತೋಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನಾರು ವಾರ ನೋಡಿದ್ದು ಇದು, ಇದರಲ್ಲಿ ಈ ಒಂದು ಸಂಗತಿ ಅರ್ಥವಾಗಲಿಲ್ಲ" ಎಂದು ಬರೆದವರು ಇಬ್ಬರೂ ಇರುವುದಿಲ್ಲ. ವಿದೇಶಕ್ಕೆ ಹೋಗುವವರಿಗೂ ಇದೇ ಸೂತ್ರ. ಅಮೆರಿಕ, ಕೆನಡಾದಲ್ಲಿ ಸಂಶೋಧನಾ ಪದವಿಗೆ ಅರ್ಜಿಗಿಂತ ಮುಂಚೆ ಪ್ರಾಧ್ಯಾಪಕರು ಒಪ್ಪಬೇಕು, ಖರ್ಚು ಸಾಮಾನ್ಯವಾಗಿ ಅವರ ಯೋಜನೆಯಿಂದಲೇ ಬರುತ್ತದೆ. ನೆದರ್‌ಲೆಂಡ್ಸ್‌ನ ವಾಗೆನಿಂಗನ್‌ನಂಥ ಕಡೆ ಮೊದಲು ವಿದ್ಯಾರ್ಥಿವೇತನ ಗಟ್ಟಿ ಮಾಡಿಕೊಳ್ಳಿ. ತೋಟ ಅಡವಿಟ್ಟು ಎಂ.ಎಸ್ಸಿ.ಗೆ ಹೋಗುವ ವಿಷಯ ಇದಲ್ಲ.

ಹೆಜ್ಜೆ 5: ಪ್ರಬಂಧವನ್ನು ಊರಿಗೆ ತನ್ನಿ

ಮುಂಬೈಯಲ್ಲಿ ಓದಿದರೂ ಕ್ಷೇತ್ರಕಾರ್ಯ ಕೊಡಗಿನಲ್ಲಿ ಮಾಡಲು ಗೈಡನ್ನು ಒಪ್ಪಿಸಿ. ವಿಷಯಕ್ಕೆ ಬರವಿಲ್ಲ. ಪಲ್ಪರ್ ನೀರು ನಿಂತ ಮೇಲೆ ತೋಡಿಗೆ ಮೀನು ಮರಳಲು ಎಷ್ಟು ವಾರ ಬೇಕು? 2018ರ ಆಗಸ್ಟ್‌ನ ಭೂಕುಸಿತದ ಮಣ್ಣು ಇಳಿದ ಹೊಳೆಗಳಲ್ಲಿ, ಮಾಹಶೀರ್‌ನಂಥ ಮೀನು ಮೊಟ್ಟೆಯಿಡುವ ಜಲ್ಲಿ ನೆಲ ಎಷ್ಟು ಉಳಿದಿದೆ? ತೋಟದ ಕೆರೆ ಒಡೆದಾಗ ಹೊಳೆಗೆ ಸೇರುವ ಆಫ್ರಿಕನ್ ಕ್ಯಾಟ್‌ಫಿಶ್ ಎಲ್ಲಿಯವರೆಗೆ ಹೋಗಿದೆ? ಅದರ ಸಾಕಣೆಗೆ ನಿಷೇಧವಿದೆ, ಆದರೂ ಸಂತೆಯಲ್ಲಿ ಕಾಣುತ್ತದೆ. ಪಕ್ಕದ ರಾಮನಾಥಪುರದಲ್ಲಿ ದೇವಸ್ಥಾನದ ಬಳಿ ಕಾವೇರಿಯಲ್ಲಿ ಮೀನು ಹಿಡಿಯುವುದಿಲ್ಲ. ಆ ಮಡುವಿನ ಮೀನಿಗೂ ಎರಡು ಕಿಲೋಮೀಟರ್ ಆಚೆಯ ಮೀನಿಗೂ ಗಾತ್ರದಲ್ಲಿ ಏನು ವ್ಯತ್ಯಾಸ? ವಾಲ್ನೂರು ಬಳಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ಕಾವೇರಿಯ ಮಾಹಶೀರ್‌ಗೆ ಬಹುಕಾಲದಿಂದ ಕಾವಲಿದೆ, ಹಾರಂಗಿಯಲ್ಲಿ ಇಲಾಖೆಯ ಮಾಹಶೀರ್ ಮರಿ ಉತ್ಪಾದನಾ ಕೇಂದ್ರವಿದೆ. ಎರಡೂ ಕಡೆ ಹೋಗಿ ಮಾತಾಡಿ, ಆಮೇಲೆ ಪ್ರಶ್ನೆ ಅಂತಿಮಗೊಳಿಸಿ.

ಅನುಮತಿ ಮೊದಲು, ಬಲೆ ಆಮೇಲೆ. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ಅಭಯಾರಣ್ಯ, ನಾಗರಹೊಳೆ, ಇವುಗಳೊಳಗೆ ಒಂದು ಮೀನು ಎತ್ತಬೇಕಾದರೂ ಅರಣ್ಯ ಇಲಾಖೆಯ ವನ್ಯಜೀವಿ ವಿಭಾಗದ ಲಿಖಿತ ಅನುಮತಿ ಬೇಕು. ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಹಾಗಾಗಿ ಪ್ರಬಂಧದ ವಿಷಯ ಒಪ್ಪಿಗೆಯಾದ ವಾರವೇ ಅರ್ಜಿ ಹಾಕಿ. ಹೊರಗಿನ ಹೊಳೆ, ಜಲಾಶಯಗಳಿಗೆ ಮೀನುಗಾರಿಕೆ ಇಲಾಖೆಯ ಕಚೇರಿ. ತೋಟದೊಳಗಿನ ತೋಡಿಗೆ ಮಾಲೀಕರು. ಅವರ ಮನೆಗೆ ಹೋಗಿ ಕಾಫಿ ಕುಡಿದು ಹೇಳಿ ಬನ್ನಿ, ಪಲ್ಪರ್ ವಿಷಯವನ್ನು ಮೊದಲ ದಿನವೇ ಎತ್ತಬೇಡಿ.

ಹೊಳೆಯಲ್ಲಿ ಮೀನೆಣಿಸುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ, ಒಂದು ಸರಳ ಕ್ರಮ ಹೇಳುತ್ತೇನೆ. ಒಂದು ಮಡುವಿನಲ್ಲಿ 50 ಮೀನು ಹಿಡಿದು, ರೆಕ್ಕೆಯ ತುದಿ ಒಂದಿಷ್ಟೇ ಕತ್ತರಿಸಿ ಗುರುತು ಮಾಡಿ ಬಿಡಿ. ಕೆಲವು ದಿನ ಬಿಟ್ಟು ಮತ್ತೆ ಬಲೆ ಹಾಕಿದಾಗ 40 ಸಿಕ್ಕವು, ಅದರಲ್ಲಿ 8ಕ್ಕೆ ಗುರುತಿತ್ತು ಎನ್ನೋಣ. 50ನ್ನು 40ರಿಂದ ಗುಣಿಸಿ 8ರಿಂದ ಭಾಗಿಸಿದರೆ 250. ಮಡುವಿನಲ್ಲಿ ಸುಮಾರು ಅಷ್ಟು ಮೀನಿದೆ. ನಡುವೆ ಮಳೆ ಬಂದು ಮಡು ಹೊಳೆಗೆ ಸೇರಿಕೊಂಡರೆ ಲೆಕ್ಕ ನೀರುಪಾಲು. ಅದಕ್ಕೇ ಇದು ಫೆಬ್ರವರಿ, ಮಾರ್ಚ್‌ನ ಕೆಲಸ. ಮೀನು ಮುಟ್ಟುವ ಮುಂಚೆ ಕೈ ಒದ್ದೆ ಮಾಡಿಕೊಳ್ಳಿ, ಒಣಗಿದ ಕೈಗೆ ಮೀನಿನ ಮೈಮೇಲಿನ ಲೋಳೆ ಕಿತ್ತು ಬರುತ್ತದೆ, ಆಮೇಲೆ ಅದಕ್ಕೆ ಬೂಷ್ಟು ಹಿಡಿಯುತ್ತದೆ.

ಹೆಜ್ಜೆ 6: ಕೆಲಸ

ರಾಜ್ಯದ ಮೀನುಗಾರಿಕೆ ಇಲಾಖೆಯ ಸಹಾಯಕ ನಿರ್ದೇಶಕ ಹುದ್ದೆಗಳಿಗೆ ಕೆಪಿಎಸ್‌ಸಿ ಕರೆಯುತ್ತದೆ. ಪ್ರತಿ ವರ್ಷ ಕರೆಯುವುದಿಲ್ಲ, ಅದನ್ನೇ ನಂಬಿ ಮನೆಯಲ್ಲಿ ಕೂರಬೇಡಿ. ಕೆಲಸದ ಬಹುಪಾಲು ಕೆರೆ, ಜಲಾಶಯಗಳ ಗುತ್ತಿಗೆ, ಸಹಕಾರ ಸಂಘಗಳು, ಮರಿ ಹಂಚಿಕೆ, ಮತ್ಸ್ಯಸಂಪದದಂಥ ಯೋಜನೆಗಳ ಕಡತ. 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆಯನ್ನು ಬಾಯಿಪಾಠ ಮಾಡಿಕೊಂಡು ಹೋಗಿ. ಸಂರಕ್ಷಣೆಗೆ ಈ ಕುರ್ಚಿಯಲ್ಲಿ ಜಾಗವಿಲ್ಲ ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಯಾವ ನೀರಿಗೆ ಯಾವ ಮರಿ ಎಂದು ಕಡತದಲ್ಲಿ ಬರೆಯುವವರು ಇವರೇ.

ಆ ಮರಿ ಬಿಡುವುದರಲ್ಲೂ ಒಂದು ಕಥೆ ಇದೆ. ಕೆಲಸದ ಹೊಸತರಲ್ಲಿ ಒಂದು ಯೋಜನೆಯಡಿ ಊರ ಕೆರೆಗೆ ಬೆರಳುದ್ದದ ಗೆಂಡೆ ಮರಿ ಬಿಡುವ ಕಾರ್ಯಕ್ರಮವಿತ್ತು. ಆಮ್ಲಜನಕ ತುಂಬಿದ ಪಾಲಿಥೀನ್ ಚೀಲಗಳು ಬೆಳಿಗ್ಗೆಯೇ ಬಂದವು, ಗಣ್ಯರು ಬಂದದ್ದು ಮಧ್ಯಾಹ್ನ. ಚೀಲವನ್ನು ಹದಿನೈದಿಪ್ಪತ್ತು ನಿಮಿಷ ಕೆರೆಯ ನೀರಿನಲ್ಲಿ ತೇಲಿಬಿಟ್ಟು, ಒಳಗಿನ ಹೊರಗಿನ ಶಾಖ ಸಮವಾದ ಮೇಲೆ ಬಾಯಿ ಬಿಚ್ಚಿ, ಮರಿಗಳು ತಾವಾಗಿ ಈಜಿ ಹೊರಬರಲು ಬಿಡಬೇಕು. ಫೋಟೋಕ್ಕೆ ತಡವಾಗುತ್ತದೆ ಎಂದು ಎತ್ತಿ ಸುರಿದರು. ನಾನು ಹೊಸಬ, ಬಾಯಿ ಬಿಡಲಿಲ್ಲ. ಮಾರನೇ ದಿನ ದಡದುದ್ದಕ್ಕೂ ಬೆಳ್ಳಿ ಕಾಸು ಚೆಲ್ಲಿದ ಹಾಗೆ ಸತ್ತ ಮರಿಗಳು. ವರದಿಯಲ್ಲಿ "ಬಿತ್ತನೆ ಯಶಸ್ವಿ" ಎಂದೇ ಇತ್ತು.

ವಿಜ್ಞಾನಿ ಆಗಬೇಕೆನ್ನುವವರಿಗೆ ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿ (ಎಎಸ್‌ಆರ್‌ಬಿ) ನಡೆಸುವ ಎಆರ್‌ಎಸ್ ಪರೀಕ್ಷೆ, ಅಧ್ಯಾಪಕರಾಗಲು ಅದೇ ಮಂಡಳಿಯ ನೆಟ್ ಅರ್ಹತಾ ಪರೀಕ್ಷೆ. ಅಧಿಸೂಚನೆಯಲ್ಲಿ ವಿದ್ಯಾರ್ಹತೆಯ ಸಾಲನ್ನು ಮೊದಲು ಓದಿ, ವಯಸ್ಸಿನ ಸಾಲನ್ನು ಆಮೇಲೆ. ಒಳನಾಡು ಮೀನಿನ ಮಟ್ಟಿಗೆ ಬಾರಕ್‌ಪುರದ ಒಳನಾಡು ಮೀನುಗಾರಿಕಾ ಸಂಶೋಧನಾ ಸಂಸ್ಥೆ ಸಿಐಎಫ್‌ಆರ್‌ಐ, ಲಖನೌದ ಮೀನು ತಳಿ ಸಂಪನ್ಮೂಲ ಕೇಂದ್ರ ಎನ್‌ಬಿಎಫ್‌ಜಿಆರ್ ನಿಮ್ಮ ಮನೆಗಳು. ಕಡಲಿನ ಮೀನಾದರೆ ಕೊಚ್ಚಿಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐ, ಅದರ ಕೇಂದ್ರ ಮಂಗಳೂರಿನಲ್ಲೂ ಇದೆ. ಸಂಶೋಧನಾ ಯೋಜನೆಗಳಲ್ಲಿ ಜೆ.ಆರ್.ಎಫ್. (ಕಿರಿಯ ಸಂಶೋಧಕ) ಆಗಿ ಸೇರಿದರೆ ಕೇಂದ್ರದ 2023ರ ದರದ ಪ್ರಕಾರ ತಿಂಗಳಿಗೆ 37,000 ರೂಪಾಯಿ ಮತ್ತು ಮನೆ ಬಾಡಿಗೆ ಭತ್ಯೆ. ಆದರೆ ಯೋಜನೆ ಮುಗಿದ ದಿನ ಕೆಲಸವೂ ಮುಗಿಯುತ್ತದೆ.

ಬೆಂಗಳೂರಿನ ಏಟ್ರೀ, ಮೈಸೂರಿನ ಎನ್‌ಸಿಎಫ್‌ನಂಥ ಪರಿಸರ ಸಂಶೋಧನೆ, ಸಂರಕ್ಷಣೆಯ ಸ್ವಯಂಸೇವಾ ಸಂಸ್ಥೆಗಳು ಹೊಳೆ, ಕೆರೆಗಳ ಕೆಲಸಕ್ಕೆ ಆಗಾಗ ಜನ ತೆಗೆದುಕೊಳ್ಳುತ್ತವೆ. ಸಂಬಳಕ್ಕಿಂತ ಅನುಭವ ಹೆಚ್ಚು, ಜೊತೆಗೆ ಒಳ್ಳೆಯ ಬರವಣಿಗೆ ಕಲಿಸುತ್ತವೆ. ಬ್ಯಾಂಕಿನ ಕೃಷಿ ಕ್ಷೇತ್ರಾಧಿಕಾರಿ ಹುದ್ದೆಗೂ ನಬಾರ್ಡ್‌ಗೂ ಮೀನುಗಾರಿಕಾ ಪದವೀಧರರು ಅರ್ಜಿ ಹಾಕಬಹುದು. ಆ ಕಡೆ ಹೋದ ನನ್ನ ಸಹಪಾಠಿಗಳು ಮನೆ ಕಟ್ಟಿಸಿದ್ದಾರೆ, ನಾನು ಇನ್ನೂ ಬಾಡಿಗೆಯಲ್ಲಿದ್ದೇನೆ. ರಫ್ತು, ಸಿಗಡಿ, ಆಹಾರ ತಯಾರಿಕೆಯ ಕಂಪನಿಗಳಲ್ಲಿ ಕೆಲಸ ಬೇಗ ಸಿಗುತ್ತದೆ, ಅಲ್ಲಿಂದ ಹೊಳೆಗೆ ಮರಳಿದವರು ಮಾತ್ರ ಕಡಿಮೆ.

ಇನ್ನು ಮನೆಯವರಿಗೆ ಹೇಳಬೇಕಾದದ್ದು. ಜೂನ್‌ನಿಂದ ಆಗಸ್ಟ್‌ವರೆಗೆ ನೀವು ಮನೆಯಲ್ಲಿದ್ದರೂ ಇಲ್ಲದ ಹಾಗೆ. ಮೀನು ಹತ್ತುವುದು ರಾತ್ರಿ, ಮಳೆಯಲ್ಲಿ. ಜಿಗಣೆಗೆ ಸುಣ್ಣ, ಹೊಗೆಸೊಪ್ಪು ಕಾಲುಚೀಲಕ್ಕೆ. ಪುಸ್ತಕಕ್ಕೆ ಪೆನ್ನು ಬೇಡ, ಮಳೆಗೆ ಶಾಯಿ ಹರಡುತ್ತದೆ, ಸೀಸದ ಕಡ್ಡಿ ಒಯ್ಯಿರಿ. ಒಬ್ಬರೇ ಹೊಳೆಗೆ ಇಳಿಯಬೇಡಿ, ಮೇಲೆ ಬೆಟ್ಟದಲ್ಲಿ ಮಳೆ ಹೊಯ್ದದ್ದು ಕೆಳಗೆ ನಿಂತವರಿಗೆ ಗೊತ್ತಾಗುವುದಿಲ್ಲ. ನೀರಿನ ಬಣ್ಣ ಕೆಂಪಾಗಿ, ಒಣ ಎಲೆ, ಕಡ್ಡಿ ತೇಲಿ ಬರಲು ಶುರುವಾದರೆ ಬಲೆ ಅಲ್ಲೇ ಬಿಟ್ಟು ದಡ ಹತ್ತಿ.